ಗೀಸರ್ ಹಾಕ್ಲಾ, ಅಳಿಯಂದ್ರೆ?

ಒಂದು ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ತಿಳಿಯಬೇಕಾದರೆ ಬಾಗಿಲ ಮೇಲಿನ ಹೆಸರಿನ ಫಲಕ ನೋಡಿ ಏನೂ ಪ್ರಯೋಜನವಿಲ್ಲ. ಆ ಮನೆಯ ಸ್ವಿಚ್ಚುಗಳಲ್ಲಿ ಯಾವುದನ್ನು ಯಾರು ಮುಟ್ಟಬಹುದು ಎಂದು ವಿಚಾರಿಸಿದರೆ ಸಾಕು, ಒಳಗಿನ ರಾಜ್ಯಭಾರವೆಲ್ಲ ಹೊರಗೆ ಬೀಳುತ್ತದೆ. ಕುವೈತಿನ ಫರ್ವಾನಿಯಾದ ನಮ್ಮ ಫ್ಲ್ಯಾಟಿನ ಬಾಗಿಲ ಮೇಲೆ ‘ಮೂರ್ತಿ’ ಎಂದು ನನ್ನ ಹೆಸರೇ ಇದೆ. ಆದರೆ ಎಸಿಯ ರಿಮೋಟು ಇರುವುದು ನನ್ನ ಹೆಂಡತಿ ಸುಮಿತ್ರಳ ದಿಂಬಿನ ಕೆಳಗೆ. ವೈಫೈ ಪೆಟ್ಟಿಗೆಯ ಹತ್ತಿರ ನಾನು ಸುಳಿದರೆ ಹನ್ನೆರಡನೇ ಕ್ಲಾಸಿನ ಮಗಳು ನಿಧಿ, “ಅಪ್ಪಾ, ಪ್ಲೀಸ್, ಡೋಂಟ್ ಟಚ್ ಇಟ್” ಎಂದು ಒಳಗಿನಿಂದಲೇ ಕೂಗುತ್ತಾಳೆ. ಮಿಕ್ಸಿ, ಓವನ್, ವಾಷಿಂಗ್ ಮಷೀನು ಇವುಗಳ ವಿಷಯದಲ್ಲಿ ನನಗೆ ನೋಡುವ ಹಕ್ಕುಂಟು, ಮುಟ್ಟುವ ಹಕ್ಕಿಲ್ಲ. ಯಾರ ಅಪ್ಪಣೆಯೂ ಇಲ್ಲದೆ ನಾನು ಒತ್ತಬಹುದಾದ ಗುಂಡಿ ಎಂದರೆ ಕರೆಗಂಟೆಯದು ಒಂದೇ, ಅದೂ ಹೊರಗೆ ನಿಂತಿರುವಾಗ ಮಾತ್ರ.

ತಮಾಷೆಯೇನೆಂದರೆ, ಆಫೀಸಿನಲ್ಲಿ ನನಗೆ ಸಂಬಳ ಕೊಡುವುದೇ ಸ್ವಿಚ್ಚು ಕಾಯುವುದಕ್ಕೆ. ನಮ್ಮದು ಮನೆಮನೆಗೆ ದಿನಸಿ, ತರಕಾರಿ ತಲುಪಿಸುವ ಕಂಪನಿ. ಜನ ಫೋನಿನಲ್ಲಿ ಆ್ಯಪ್ ತೆರೆದು ಟೊಮ್ಯಾಟೊ ಒತ್ತುತ್ತಾರೆ. ಅರ್ದಿಯಾದ ನಮ್ಮ ಗೋದಾಮಿನಿಂದ ಟೊಮ್ಯಾಟೊ ಹೊರಡುತ್ತದೆ. ಆ ಆ್ಯಪಿನ ಹೊಟ್ಟೆಯೊಳಗೆ ನೂರಾರು ಸ್ವಿಚ್ಚುಗಳಿವೆ. ಇಂಗ್ಲಿಷಿನಲ್ಲಿ ಫೀಚರ್ ಫ್ಲ್ಯಾಗ್ ಅಂತಾರೆ. ನಾನು ಸ್ವಿಚ್ಚು ಎಂದೇ ಕರೆಯುತ್ತೇನೆ. ಹೊಸದಾಗಿ ಏನು ಸೇರಿಸಿದರೂ ಅದಕ್ಕೊಂದು ಸ್ವಿಚ್ಚು ಇಟ್ಟಿರುತ್ತಾರೆ. ಹಾಕಿದರೆ ಊರಿಗೆಲ್ಲ ಕಾಣುತ್ತದೆ, ಎಡವಟ್ಟಾದರೆ ತಕ್ಷಣ ಆರಿಸಬಹುದು. ಹಬ್ಬದ ರಿಯಾಯಿತಿಗೆ ಒಂದು, ಐಸ್‌ಕ್ರೀಮ್ ಗಾಡಿಗೆ ಒಂದು, ಹೀಗೆ. ಇವುಗಳೆಲ್ಲದರ ಬೀಗದ ಕೈ ನನ್ನ ಹತ್ತಿರ. ಮನೆಯಲ್ಲಿ ರಿಮೋಟು ಕೊಡದವರ ಮುಂದೆ ಈ ವಿಷಯವನ್ನು ನಾನು ಆಗಾಗ ಪ್ರಸ್ತಾಪಿಸುತ್ತಿದ್ದೆ. ಸುಮಿತ್ರ ಶಾಲೆಯಲ್ಲಿ ಗಣಿತ ಕಲಿಸುವವಳು; ಪುರಾವೆ ಇಲ್ಲದ ಯಾವುದನ್ನೂ ಅವಳು ನಂಬುವುದಿಲ್ಲ.

ಈಗ ಗೀಸರಿನ ವಿಷಯ ಹೇಳಬೇಕು. ಊರಿನಲ್ಲಿರುವವರಿಗೆ ಇದು ಅರ್ಥವಾಗುವುದು ಸ್ವಲ್ಪ ಕಷ್ಟ. ಕುವೈತಿನಲ್ಲಿ ಜೂನ್ ತಿಂಗಳು ಬಂತೆಂದರೆ ಮಹಡಿಯ ಮೇಲಿನ ಟ್ಯಾಂಕಿನ ನೀರು ತಾನಾಗಿಯೇ ಕುದಿಯುವ ಹದಕ್ಕೆ ಬರುತ್ತದೆ. ತಣ್ಣೀರಿನ ನಲ್ಲಿ ತಿರುಗಿಸಿದರೆ ಟೀಪುಡಿ ಹಾಕಬಹುದಾದಂಥ ನೀರು. ಆದ್ದರಿಂದ ಇಲ್ಲಿ ನಾವೆಲ್ಲ ಬೇಸಿಗೆಯಲ್ಲಿ ಗೀಸರನ್ನು ಆರಿಸಿಬಿಡುತ್ತೇವೆ. ಅದು ಬಚ್ಚಲ ಮನೆಯೊಳಗೆ, ಎಸಿಯ ನೆರಳಿನಲ್ಲಿರುವುದರಿಂದ ಅದರಲ್ಲಿ ತುಂಬಿಕೊಂಡ ನೀರು ರಾತ್ರಿ ಬೆಳಗಾಗುವುದರೊಳಗೆ ತಣ್ಣಗಾಗುತ್ತದೆ. ಸ್ನಾನಕ್ಕೆ ಕೆಂಪು ಗುರುತಿನ ಬಿಸಿನೀರಿನ ನಲ್ಲಿಯಿಂದ ತಣ್ಣೀರು, ನೀಲಿ ಗುರುತಿನ ತಣ್ಣೀರಿನ ನಲ್ಲಿಯಿಂದ ಬಿಸಿನೀರು. ಹೊಸದಾಗಿ ಬಂದವರಿಗೆ ಇದು ಹುಚ್ಚರ ಸಂತೆಯಂತೆ ಕಾಣುತ್ತದೆ. ಎರಡು ಬೇಸಿಗೆ ಕಳೆದ ಮೇಲೆ ಊರಿಗೆ ಹೋದಾಗಲೂ ಕೈ ತಾನಾಗಿ ಕೆಂಪು ನಲ್ಲಿಗೇ ಹೋಗುತ್ತದೆ. ಒಟ್ಟಿನಲ್ಲಿ ನಮ್ಮ ಗೀಸರಿನ ಸ್ವಿಚ್ಚು ಜೂನಿನಲ್ಲಿ ಆಫ್ ಆಗಿದೆಯೆಂದರೆ ಅದು ಮರೆತದ್ದಲ್ಲ, ಅದು ಕೆಲಸ ಮಾಡುತ್ತಿದೆ ಎಂದರ್ಥ.

ಇಂಥ ಜೂನಿನಲ್ಲಿ ನಮ್ಮ ಮಾವನವರು ಹಾಸನದಿಂದ ಬಂದರು. ಅತ್ತೆಯವರು ಸೆಕೆಗೆ ಹೆದರಿ ಬರಲಿಲ್ಲ. ಮಾವನವರು ಯಾವುದಕ್ಕೂ ಹೆದರುವವರಲ್ಲ. ಅವರು ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಜಿಲ್ಲೆಗೆ ಜಿಲ್ಲೆಯನ್ನೇ ಒಂದು ಸ್ವಿಚ್ಚಿನಲ್ಲಿ ಕತ್ತಲು ಮಾಡಿದ ಕೈ ಅದು. ಅಳಿಯನ ಮೇಲೆ ಅವರಿಗೆ ಅಪಾರ ಗೌರವ, ನನ್ನನ್ನು ಬಹುವಚನ ಬಿಟ್ಟು ಕರೆದವರಲ್ಲ. ಆ ಗೌರವದ ಭಾರಕ್ಕೆ ನಾನು ಅವರೆದುರು ಒಂದು ಮಾತನ್ನೂ ಜೋರಾಗಿ ಆಡುವಂತಿಲ್ಲ. ಬಂದ ಮರುದಿನ ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿ, ಅಭ್ಯಾಸದಂತೆ ಕೆಂಪು ನಲ್ಲಿ ಪೂರ್ತಿ ತಿರುಗಿಸಿ ಕೆಳಗೆ ನಿಂತೆ. ಅಯ್ಯಯ್ಯೋ! ಬೆನ್ನಿನ ಮೇಲೆ ಸಾರು ಚೆಲ್ಲಿದಂತಾಯಿತು. ನೀಲಿ ತಿರುಗಿಸಿದೆ, ಅದೂ ಬೆಂಕಿ. ಮೈತುಂಬ ಸೋಪು, ಎರಡು ನಲ್ಲಿಯಲ್ಲೂ ಕುದಿನೀರು. ಕೊನೆಗೆ ಸುಮಿತ್ರ ಫ್ರಿಜ್ಜಿನ ಬಾಟಲಿಗಳನ್ನು ಬಾಗಿಲ ಸಂದಿಯಿಂದ ಒಂದೊಂದಾಗಿ ಕೊಟ್ಟಳು.

ಕೆಂಪು ಮೂಲಂಗಿಯ ಹಾಗೆ ಹೊರಗೆ ಬಂದಾಗ ಮಾವನವರು ಸೋಫಾದಲ್ಲಿ ಕಾಫಿ ಕುಡಿಯುತ್ತಾ ಸಮಾಧಾನವಾಗಿ ಕೂತಿದ್ದರು. “ಸ್ವಿಚ್ಚು ಆಫ್ ಆಗಿತ್ತು. ಪಾಪ, ಮರೆತಿರಬೇಕು ಅಂತ ನಾನೇ ಆನ್ ಮಾಡ್ದೆ. ನೀರು ಚೆನ್ನಾಗಿ ಕಾದಿತ್ತಾ?” ಎಂದರು. ಚೆನ್ನಾಗಿ ಕಾದಿತ್ತು ಎಂದು ಒಪ್ಪಿಕೊಂಡೆ. ಬೇರೆ ಏನು ಹೇಳಲಿ? ಅವರು ಉಪಕಾರವನ್ನೇ ಮಾಡಿದ್ದರು. ಕೇಡು ಬಗೆದವರನ್ನು ಬಯ್ಯಬಹುದು, ಉಪಕಾರ ಮಾಡಿದವರನ್ನು ಹೇಗೆ ಬಯ್ಯುವುದು? ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚಿಸಿಕೊಂಡು ಆಫೀಸಿಗೆ ಹೋದೆ.

ಆಫೀಸಿನಲ್ಲಿ ಆ ಹೊತ್ತಿಗಾಗಲೇ ಇನ್ನೊಬ್ಬರು ಉಪಕಾರಿ ಬಂದಿದ್ದರು. ನಮ್ಮ ಮುದೀರ್, ಅಂದರೆ ಮ್ಯಾನೇಜರು, ಕುವೈತಿನವರೇ. ಬೂ ಸಾಲೆಮ್ ಎಂದೇ ಎಲ್ಲರೂ ಕರೆಯುತ್ತೇವೆ. ಅವರು ಯಾವುದೋ ದೊಡ್ಡ ಸಮ್ಮೇಳನಕ್ಕೆ ಹೋಗಿ ಬರುವಾಗ ಒಂದು ಎಐ ಏಜೆಂಟನ್ನು ಕಟ್ಟಿಕೊಂಡು ಬಂದರು. ಇದು ಕೇಳಿದ್ದಕ್ಕೆ ಉತ್ತರ ಹೇಳಿ ಸುಮ್ಮನಾಗುವ ಜಾತಿಯದಲ್ಲ, ತಾನೇ ಎದ್ದು ಹೋಗಿ ಕೆಲಸ ಮಾಡಿ ಬರುವ ಜಾತಿ. “ಯಾ ಮೂರ್ತಿ, ನಮ್ಮ ಸ್ವಿಚ್ಚುಗಳಲ್ಲಿ ಅರ್ಧ ಹಳೇ ಕಸ. ಇದಕ್ಕೆ ಬೀಗದ ಕೈ ಕೊಟ್ಟುಬಿಡು, ಗುಡಿಸಿ ಹಾಕುತ್ತೆ. ಯಲ್ಲಾ!” ಎಂದರು. ಏಜೆಂಟ್ ಎಂಬ ಹೆಸರೇ ನನಗೆ ಹಿಡಿಸಲಿಲ್ಲ. ಮನೆಯಲ್ಲಿ ಹೇಳಿದಾಗ ಮಾವನವರೂ ಅದನ್ನೇ ಅಂದರು: “ಏಜೆಂಟನ್ನ ನಂಬಬಾರದು ಅಳಿಯಂದ್ರೆ. ಗಲ್ಫಿಗೆ ಬಂದು ಮೋಸ ಹೋದವರೆಲ್ಲ ಏಜೆಂಟನ್ನ ನಂಬೇ ತಾನೇ ಹೋಗಿದ್ದು?” ಇದು ಬೇರೆ ಏಜೆಂಟು ಎಂದು ವಿವರಿಸಿದೆ. “ಇಕಾಮಾ ಇದೆಯಾ ಅದಕ್ಕೆ?” ಎಂದು ಕೇಳಿದರು. ಇಲ್ಲಿಗೆ ಬಂದು ವಾರವಾಗಿರಲಿಲ್ಲ, ವಾಸದ ಪರವಾನಗಿಯ ಮಾತು ಆಗಲೇ ಕಲಿತುಬಿಟ್ಟಿದ್ದರು. ಇಕಾಮಾ ಇಲ್ಲ, ಜವಾಬ್ದಾರಿ ಹೊರುವ ಕಫೀಲನೂ ಇಲ್ಲ. ಏನಾದರೂ ಅನಾಹುತ ಮಾಡಿದರೆ ಯಾರನ್ನು ಹಿಡಿಯುವುದು ಎನ್ನುವುದು ಅವರ ಪ್ರಶ್ನೆ. ನಾನು ನಕ್ಕುಬಿಟ್ಟೆ.

ನಕ್ಕರೂ ನಾನೇನು ಸುಮ್ಮನೆ ಕೂತವನಲ್ಲ. ಮಂಗನ ಕೈಗೆ ಮಾಣಿಕ್ಯ ಕೊಡುವ ಮುಂಚೆ ಮಂಗನಿಗೂ ಮಾಣಿಕ್ಯಕ್ಕೂ ಕಟ್ಟುಪಾಡು ಇರಬೇಕಲ್ಲ! ಮೂರು ದಿನ ಕೂತು ನಿಯಮಗಳನ್ನು ಬರೆದೆ. ಏಜೆಂಟು ಎಲ್ಲ ಸ್ವಿಚ್ಚುಗಳನ್ನೂ ನೋಡಬಹುದು, ತಾನಾಗಿ ಯಾವುದನ್ನೂ ಮುಟ್ಟಕೂಡದು. ಏನು ಮಾಡಬೇಕೆನ್ನಿಸಿದರೂ ಕಾರಣ ಸಮೇತ ಕೇಳಬೇಕು. ಇಬ್ಬರು ಮನುಷ್ಯರು ಒಪ್ಪಿಗೆಯ ಗುಂಡಿ ಒತ್ತಿದ ಮೇಲೇ ಸ್ವಿಚ್ಚು ಅಲುಗಬೇಕು. ಒಬ್ಬ ನಾನು, ಇನ್ನೊಬ್ಬ ಪಕ್ಕದ ಮೇಜಿನ ವಲೇರಿಯನ್. ವಲೇರಿಯನ್ ಮಂಗಳೂರಿನ ಕಡೆಯವನು, ನನಗಿಂತ ಮುಂಚೆ ಕುವೈತಿಗೆ ಬಂದವನು. ಮನೆಯಲ್ಲಿ ಕೊಂಕಣಿ, ನನ್ನ ಜೊತೆ ಅವರ ಊರಿನ ಕನ್ನಡ. “ಏಜೆಂಟಿಗೆ ಮಾತ್ರ ಅಲ್ಲ ಮಾರಾಯ್ರೆ, ನಮಗೂ ಇದೇ ನಿಯಮ ಇರ್ಬೇಕು. ಒಬ್ಬನೇ ಹೋಗಿ ಒತ್ತುವ ಹಾಗಿಲ್ಲ” ಎಂದು ಅವನೇ ಸೇರಿಸಿದ. ನನಗೂ ಸರಿಯೆನ್ನಿಸಿತು. ಅಪಾಯವನ್ನು ಎಲ್ಲ ದಿಕ್ಕಿನಿಂದಲೂ ಕಟ್ಟಿಹಾಕಿದ ತೃಪ್ತಿಯಲ್ಲಿ ಆ ನಿಯಮಾವಳಿಯನ್ನು ಮನೆಗೆ ತಂದು ಮಾವನವರಿಗೆ ಓದಿ ಹೇಳಿದೆ. ಅವರು ಇಲಾಖೆಯ ಕಾಲದಲ್ಲಿ ಕಂಬ ಹತ್ತುವ ಮುಂಚೆ ಪಡೆಯಬೇಕಿದ್ದ ಲೈನ್ ಕ್ಲಿಯರೆನ್ಸ್ ನೆನಪಿಸಿಕೊಂಡು ಭೇಷ್ ಎಂದರು. ಸುಮಿತ್ರ ಮಾತ್ರ, “ಎರಡನೇ ಗುಂಡಿ ಒತ್ತೋರು ಮೊದಲನೇ ಗುಂಡಿ ನೋಡ್ಕೊಂಡು ಒತ್ತಲ್ಲ ತಾನೆ?” ಎಂದಳು. ಟೀಚರುಗಳಿಗೆ ಯಾವಾಗಲೂ ನಕಲು ಹೊಡೆಯುವವರದೇ ಚಿಂತೆ.

ಏಜೆಂಟು ಕೆಲಸ ಶುರುಮಾಡಿತು. ಎಂಥ ವಿನಯ ಅಂತೀರಿ! “ಈ ಸ್ವಿಚ್ಚು ಬಹಳ ಕಾಲದಿಂದ ಯಾರೂ ಮುಟ್ಟಿಲ್ಲ. ಇದರ ಕೆಲಸ ಮುಗಿದಂತಿದೆ. ತೆಗೆಯಲೇ?” ಎಂದು ಒಂದೊಂದನ್ನೂ ಕೇಳುತ್ತಿತ್ತು. ಮೊದಮೊದಲು ನಾವಿಬ್ಬರೂ ಕನ್ನಡಕ ಏರಿಸಿಕೊಂಡು ಒಂದೊಂದು ಅಕ್ಷರವನ್ನೂ ಓದಿದೆವು. ತಪ್ಪು ಸಿಕ್ಕರೆ ಬೂ ಸಾಲೆಮರ ಮುಂದೆ ಹಿಡಿಯಬೇಕೆಂಬ ಆಸೆ ನನಗಿತ್ತು. ಹಾಳಾದ್ದು, ಒಂದು ತಪ್ಪೂ ಸಿಗಲಿಲ್ಲ. ಯಾವುದೋ ಹಳೆಯ ಖರ್ಜೂರದ ರಿಯಾಯಿತಿ, ಎಂದೋ ಊರಿಗೆ ವಾಪಸಾದ ಯಾರೋ ಮಲಯಾಳಿ ಇಟ್ಟುಹೋದ ಪ್ರಯೋಗ, ಎಲ್ಲವೂ ನಿಜವಾಗಿ ಕಸವೇ. ಎರಡನೇ ವಾರ ಓದುವುದು ಕಣ್ಣಾಡಿಸುವುದಾಯಿತು. ಮೂರನೇ ವಾರ ಮಂಗಳಾರತಿ ತಟ್ಟೆ ಬಂದಾಗ ಪಕ್ಕದವರ ಜೊತೆ ಮಾತಾಡುತ್ತಲೇ ಕೈ ಚಾಚಿ ಕಣ್ಣಿಗೊತ್ತಿಕೊಳ್ಳುತ್ತೇವಲ್ಲ, ಹಾಗಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಾದೆಯನ್ನು ನಾನು ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದೇನೆ.

ಆ ಮೂರನೇ ವಾರದಲ್ಲೇ ಒಂದು ಬೆಳಿಗ್ಗೆ ಮಾವನವರು ಆಫೀಸಿಗೆ ಫೋನು ಮಾಡಿದರು. ನನ್ನ ಬೆನ್ನು ಸುಟ್ಟದ್ದು ಸುಮಿತ್ರಳಿಂದ ತಿಳಿದ ಮೇಲೆ ಅವರು ಗೀಸರನ್ನು ಮುಟ್ಟಿರಲಿಲ್ಲ. ಆದರೆ ಎಂಜಿನಿಯರ್ ಮನಸ್ಸು ಸುಮ್ಮನಿರುತ್ತದೆಯೇ? ಕೆಂಪಿನಲ್ಲಿ ತಣ್ಣೀರು, ನೀಲಿಯಲ್ಲಿ ಬಿಸಿನೀರು ಬರುತ್ತಿರುವುದನ್ನು ಅಷ್ಟೂ ದಿನ ಗಮನಿಸಿ, ಪೈಪು ಅದಲುಬದಲಾಗಿದೆ ಎಂದು ತೀರ್ಮಾನಕ್ಕೆ ಬಂದಿದ್ದರು. ಕಟ್ಟಡದ ಕಾವಲುಗಾರ ಹಾರಿಸ್‌ನನ್ನು ಕೈಸನ್ನೆಯಲ್ಲೇ ಮಾತಾಡಿಸಿ ಪ್ಲಂಬರನ್ನು ಕರೆಸುವ ತನಕ ಬಂದಿತ್ತು. “ಅರ್ಧ ಗಂಟೆ ಕೆಲಸ ಅಳಿಯಂದ್ರೆ, ಎರಡೂ ಪೈಪು ಬಿಚ್ಚಿ ಸರಿಯಾಗಿ ಸೇರಿಸಿಬಿಡ್ತಾನೆ.” ನಾನು ಎದ್ದೇ ನಿಂತುಬಿಟ್ಟೆ. “ಬೇಡ ಮಾವ, ದಯವಿಟ್ಟು ಬೇಡ! ಇರೋದು ಸರಿಯಾಗೇ ಇದೆ. ಆಫ್ ಆಗಿರೋದು ಆಫ್ ಆಗೇ ಇರ್ಬೇಕು. ನೋಡೋಕೆ ತಪ್ಪು ಅನ್ಸುತ್ತೆ, ಆದ್ರೆ ಅದಕ್ಕೊಂದು ಕಾರಣ ಇದೆ. ಕಾರಣ ಗೊತ್ತಿಲ್ದೆ ಯಾವುದನ್ನೂ ಮುಟ್ಟಬಾರದು ಅಲ್ವಾ?” ಎಂದೆಲ್ಲ ಬಹಳ ಹೊತ್ತು ಬೋಧಿಸಿದೆ. ಎಡಗೈಯಲ್ಲಿ ಫೋನು. ಎದುರಿನ ಪರದೆಯ ಮೇಲೆ ಏಜೆಂಟಿನ ಚೀಟಿ ಬಂದಿತ್ತು, ಪಕ್ಕದಲ್ಲಿ ಒಪ್ಪಿಗೆಯ ಹಸಿರು ಗುಂಡಿ. ಬಲಗೈ ಸುಮ್ಮನಿತ್ತಲ್ಲ, ಒತ್ತಿತು.

ಈಗ ಒತ್ತಿದ್ದು ಯಾವುದನ್ನು ಎಂದು ಹೇಳಿಬಿಡುತ್ತೇನೆ. ಇಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ನಡುಮಧ್ಯಾಹ್ನ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ, ಡೆಲಿವರಿ ಬೈಕುಗಳು ರಸ್ತೆಗಿಳಿಯುವಂತಿಲ್ಲ. ಆದ್ದರಿಂದ ನಮ್ಮ ಆ್ಯಪಿನಲ್ಲಿ ‘ಮಧ್ಯಾಹ್ನದ ಬೈಕು’ ಎಂಬ ಸ್ವಿಚ್ಚೊಂದಿದೆ. ಚಳಿಗಾಲದಲ್ಲಿ ಅದು ಆನ್. ಜೂನ್ ಬಂದ ಕೂಡಲೇ ನಾನೇ ಅದನ್ನು ಆಫ್ ಮಾಡುತ್ತೇನೆ. ಆಮೇಲೆ ಮಧ್ಯಾಹ್ನದ ಆರ್ಡರುಗಳೆಲ್ಲ ಎಸಿ ಇರುವ ಕಾರುಗಳಿಗೆ ಹೋಗುತ್ತವೆ. ಕಾರು ಕಡಿಮೆ, ತಡವಾಗುತ್ತದೆ, ಗಿರಾಕಿಗಳು ಬಯ್ಯುತ್ತಾರೆ, ಬಯ್ಯಲಿ. ಇದನ್ನೆಲ್ಲ ಆ ಸ್ವಿಚ್ಚಿನ ವಿವರಣೆಯ ಜಾಗದಲ್ಲಿ ಬರೆದಿಡಬೇಕಾದವನು ನಾನು. ಇಟ್ಟ ದಿನ ಏನೋ ಅವಸರದಲ್ಲಿದ್ದೆ. ‘ಮುಟ್ಟುವ ಮೊದಲು ಮೂರ್ತಿಯನ್ನು ಕೇಳಿ’ ಎಂದಷ್ಟೇ ಬರೆದಿದ್ದೆ. ನನಗೆ ಗೊತ್ತಿದ್ದರೆ ಆಯಿತಲ್ಲ ಎಂಬ ಜಂಬವೂ ಸ್ವಲ್ಪ ಇತ್ತು.

ಊಟದ ಹೊತ್ತಿಗೆ ಸುಮಿತ್ರಳ ಫೋನು ಬಂತು. ಶಾಲೆಗೆ ರಜೆ, ಅಪ್ಪನಿಗೆ ಬಸ್ಸಾರು ಮಾಡುವುದಕ್ಕೆಂದು ಸೊಪ್ಪು, ತೆಂಗಿನಕಾಯಿ ನಮ್ಮ ಆ್ಯಪಿನಲ್ಲೇ ತರಿಸಿದ್ದಳು. “ರೀ, ಸಾಮಾನು ಬಂತು” ಎಂದಳು. ಬಂದರೆ ನನಗೇಕೆ ಹೇಳಬೇಕು? “ಕಾರಲ್ಲಿ ಬರ್ಲಿಲ್ಲ. ಬೈಕಲ್ಲಿ ಬಂದಿದ್ದಾರೆ. ಮುಖ ಎಲ್ಲ ಕೆಂಡ ಆಗಿದೆ, ಕೈ ನಡುಗ್ತಿದೆ. ಒಳಗೆ ಕೂರಿಸಿ ಮಜ್ಜಿಗೆ ಕೊಟ್ಟಿದೀನಿ. ಮಧ್ಯಾಹ್ನ ಬೈಕ್ ಬಿಡಲ್ಲ ಅಂತಿದ್ರಲ್ಲ ನೀವು?” ನಾನು ಬಿಡುವುದೇ ಇಲ್ಲ ಎಂದೆ. “ಹಾಗಾದ್ರೆ ಇವರು ಯಾರು?” ಎಂದು ಫೋನನ್ನು ಅವನ ಕೈಗೇ ಕೊಟ್ಟಳು. ಆತ ರಫೀಕ್, ಬಾಂಗ್ಲಾದವನು, ನಮ್ಮ ಅರ್ದಿಯಾ ಗೋದಾಮಿನವನೇ. “ಸರ್, ಫೋನ್ ಮೇ ಆರ್ಡರ್ ಆಯಾ ತೋ ಆನಾ ಪಡಾ. ಸಬ್ ಲಡ್ಕಾ ಲೋಗ್ ನಿಕಲ್ ಗಯಾ” ಎಂದ. ಆರ್ಡರ್ ಬಂದ ಕಾರಣ ಹುಡುಗರೆಲ್ಲ ಹೊರಟುಹೋಗಿದ್ದಾರೆ!

ಗೋದಾಮಿಗೆ ಫೋನು ಮಾಡಿದರೆ ಅಲ್ಲಿನ ಸೂಪರ್‌ವೈಸರು, “ಇಲ್ಲಿರೋ ಬೈಕ್ ನಿಲ್ಲಿಸ್ತೀನಿ ಸರ್, ಆದ್ರೆ ಹೋದವರಿಗೆ ರಸ್ತೇಲೇ ಇನ್ನೊಂದು, ಮತ್ತೊಂದು ಆರ್ಡರ್ ಬರ್ತಾನೇ ಇದೆ” ಎಂದ. ಸ್ವಿಚ್ಚು ಆರಿಸದೆ ಬೇರೆ ದಾರಿಯಿಲ್ಲ. ನನ್ನ ಮೇಜಿಗೆ ಓಡಿಬಂದು ಪರದೆ ತೆರೆದು ಆಫ್ ಒತ್ತಿದೆ. ‘ನಿಮ್ಮ ಒಪ್ಪಿಗೆ ದಾಖಲಾಗಿದೆ. ಎರಡನೆಯವರ ಒಪ್ಪಿಗೆಗಾಗಿ ಕಾಯಲಾಗುತ್ತಿದೆ’ ಎಂದಿತು. ಯಾವ ಪುಣ್ಯಾತ್ಮ ಈ ನಿಯಮ ಮಾಡಿದ್ದು ಎಂದು ಕೂಗಿಕೊಂಡೆ. ಎದುರು ಮೇಜಿನ ಫಿಲಿಪಿನೋ ಹುಡುಗಿ, “ಯೂ, ಸರ್” ಎಂದಳು. ವಲೇರಿಯನ್ ಜಾಗದಲ್ಲಿಲ್ಲ. ಫೋನೆತ್ತುತ್ತಿಲ್ಲ. ಊಟದ ಹೊತ್ತಿನಲ್ಲಿ ಅವನು ದೇವರು ಕರೆದರೂ ಫೋನೆತ್ತುವುದಿಲ್ಲ. ಎದುರಿನ ರಸ್ತೆಯಾಚೆಯ ಮೆಸ್ಸಿನಲ್ಲಿ ಮೀನೂಟ ಅವನಿಗೆ ಪ್ರಾರ್ಥನೆಯಷ್ಟೇ ಪವಿತ್ರ.

ನಾನು ಬೀದಿಗಿಳಿದೆ. ಮನೆಯ ಲಿಫ್ಟಿನಿಂದ ಕಾರಿಗೆ, ಕಾರಿನಿಂದ ಆಫೀಸಿನ ಲಿಫ್ಟಿಗೆ ಓಡಾಡುವ ಪ್ರಾಣಿ ನಾನು. ಜೂನಿನ ನಡುಮಧ್ಯಾಹ್ನ ಕಾಲ್ನಡಿಗೆಯಲ್ಲಿ ಈ ಊರಿನ ರಸ್ತೆ ದಾಟಿದ್ದು ಯಾವ ಕಾಲದಲ್ಲೋ. ಬಾಗಿಲು ತೆರೆದ ಕೂಡಲೇ ಯಾರೋ ಒಲೆಯ ಬಾಯಿಯನ್ನು ಮುಖಕ್ಕೆ ತಿರುಗಿಸಿದಂತಾಯಿತು. ಕನ್ನಡಕದ ಕಡ್ಡಿ ಕಿವಿ ಸುಟ್ಟಿತು. ಉಸಿರೆಳೆದರೆ ಮೂಗಿನೊಳಗೆ ಉರಿ. ಸಿಗ್ನಲ್ಲಿನಲ್ಲಿ ಹಸಿರು ಮನುಷ್ಯ ಬರುವ ತನಕ ನಿಂತೆನಲ್ಲ, ಅಷ್ಟರಲ್ಲೇ ಕಣ್ಣು ಕತ್ತಲಿಟ್ಟಿತು. ನನ್ನ ಮುಂದೆಯೇ ನಮ್ಮ ಕಂಪನಿಯ ಬಣ್ಣದ ಪೆಟ್ಟಿಗೆ ಹೊತ್ತ ಬೈಕೊಂದು ನಿಂತಿತ್ತು, ಮೇಲೆ ಹೆಲ್ಮೆಟ್ಟಿನೊಳಗೆ ಯಾರದೋ ಎರಡು ಕಣ್ಣು. ‘ನಿಲ್ಲು, ಹೋಗಬೇಡ’ ಎಂದು ನಾನು ಕೈಬೀಸಿದೆ. ಯಾರೋ ಪರಿಚಯದವರೆಂದುಕೊಂಡು ಅವನೂ ಕೈಬೀಸಿ ಹೊರಟುಹೋದ. ನಿಜ ಹೇಳುತ್ತೇನೆ, ಆಗ ನನಗೆ ಅಳು ಬಂತು.

ಮೆಸ್ಸಿನಲ್ಲಿ ವಲೇರಿಯನ್ ಅಂಜಲ್ ಮೀನಿನ ಮುಳ್ಳು ಬಿಡಿಸುತ್ತಿದ್ದ. “ಫೋನ್ ತೆಗಿ, ಒಪ್ಪಿಗೆ ಒತ್ತು” ಎಂದೆ. “ಎಂತದ್ದು ಮಾರಾಯ್ರೆ, ಕೂತ್ಕೊಳ್ಳಿ, ಮುಖ ಎಂತ ಹೀಗಾಗಿದೆ?” ಎಂದ. ಕೂರುವ ಸಮಯವೇ? ಅವನ ಜೇಬಿಗೆ ನಾನೇ ಕೈಹಾಕಿ ಫೋನು ತೆಗೆದೆ. ಅದು ತೆರೆಯುವುದು ಅವನ ಬಲಗೈ ಹೆಬ್ಬೆರಳಿಗೆ ಮಾತ್ರ, ಹೆಬ್ಬೆರಳಿನ ತುಂಬ ಮಸಾಲೆ. ನೀರಿನಲ್ಲಿ ತೊಳೆದರೂ ಒಪ್ಪಲಿಲ್ಲ. ಕೊನೆಗೆ ನನ್ನ ಹೊಸ ಷರ್ಟಿನ ಅಂಚಿಗೆ ತಿಕ್ಕಿ ತಿಕ್ಕಿ ಒರೆಸಿ ಒತ್ತಿಸಿದೆ. ಸ್ವಿಚ್ಚು ಆಫ್ ಆಯಿತು. ಆಮೇಲೆ ವಿಷಯ ಹೇಳಿದರೆ ಅವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. “ಅಯ್ಯೋ ದೇವಾ! ಬೆಳಿಗ್ಗೆ ಅದು ಬಂದಿತ್ತು. ನಿಮ್ಮ ಒಪ್ಪಿಗೆ ಮೊದಲೇ ಬಿದ್ದಿತ್ತಲ್ಲ. ನೀವು ನೋಡಿದ್ದೀರಂತ ನಾನು ಗ್ರಹಿಸಿದ್ದು” ಎಂದ. ವಲೇರಿಯನ್ ಹೇಗೂ ನೋಡುತ್ತಾನೆ ಎಂದು ನಾನು ಒತ್ತಿದ್ದೆ. ಸುಮಿತ್ರಳ ಗಣಿತ ಸರಿಯಾಗಿತ್ತು.

ಸಂಜೆಯ ಹೊತ್ತಿಗೆ ಬೈಕಿನವರೆಲ್ಲ ಗೋದಾಮಿಗೆ ಹಿಂದಿರುಗಿದ ಸುದ್ದಿ ಬಂತು. ಒಬ್ಬನಿಗೆ ತಲೆಸುತ್ತು ಬಂದು ರಸ್ತೆ ಬದಿಯ ಅಂಗಡಿಯವರು ಒಳಗೆ ಮಲಗಿಸಿ ನೀರು ಕೊಟ್ಟಿದ್ದರಂತೆ. ಕ್ಲಿನಿಕ್ಕಿಗೂ ಕರೆದೊಯ್ದಿದ್ದರು, ಅವನೂ ಸುಧಾರಿಸಿಕೊಂಡ. ನಾನು ಮಂತ್ರಾಲಯದ ರಾಯರಿಗೆ ಹರಕೆ ಹೊತ್ತುಕೊಂಡೆ, ವಲೇರಿಯನ್ ಮೇಣದ ಬತ್ತಿ ಹೊತ್ತುಕೊಂಡ. ಮರುದಿನ ಬೂ ಸಾಲೆಮ್ ಮೀಟಿಂಗ್ ಕರೆದರು. ನಾನು ರಾತ್ರಿಯೆಲ್ಲ ಸಿದ್ಧ ಮಾಡಿಕೊಂಡಿದ್ದ ಭಾಷಣ ಶುರುಮಾಡಿದೆ: ಯಂತ್ರಕ್ಕೆ ಬುದ್ಧಿಯಿರಬಹುದು, ವಿವೇಕ ಎಲ್ಲಿಂದ ಬರಬೇಕು, ಈ ನೆಲದ ಬಿಸಿಲು ಅದಕ್ಕೇನು ಗೊತ್ತು, ಇತ್ಯಾದಿ. ಬೂ ಸಾಲೆಮ್ ಕೈಯೆತ್ತಿ ನಿಲ್ಲಿಸಿ, ಏಜೆಂಟಿನ ಆ ಚೀಟಿಯನ್ನು ಗೋಡೆಯ ಮೇಲಿನ ಪರದೆಗೆ ಹಾಕಿ ನನ್ನ ಕೈಯಲ್ಲೇ ಓದಿಸಿದರು. “ಮಧ್ಯಾಹ್ನದ ಆರ್ಡರುಗಳು ತಡವಾಗುತ್ತಿವೆ. ಈ ಸ್ವಿಚ್ಚು ಆಫ್ ಇರುವುದು ಕಾರಣವಿರಬಹುದು. ಯಾರೋ ಮರೆತಂತಿದೆ. ಆನ್ ಮಾಡಲೇ? ಆದರೆ ಬೇಸಿಗೆಗಾಗಿ ಬೇಕೆಂದೇ ಆರಿಸಿರುವ ಸಾಧ್ಯತೆಯೂ ಇದೆ. ಹಾಗಿದ್ದರೆ ದಯವಿಟ್ಟು ಬೇಡವೆನ್ನಿ. ವಿವರಣೆಯಲ್ಲಿ ‘ಮೂರ್ತಿಯನ್ನು ಕೇಳಿ’ ಎಂದಿರುವುದರಿಂದ ಕೇಳುತ್ತಿದ್ದೇನೆ.” “ಅದು ಕೇಳಿತು. ನೀನು ಸರಿ ಎಂದೆ. ಖಲಾಸ್” ಎಂದರು ಬೂ ಸಾಲೆಮ್.

ಕೆಲಸ ಹೋಗಲಿಲ್ಲ, ಕಿರೀಟ ಹೋಯಿತು. ಹೊಸ ನಿಯಮ ಬಂತು. ಅಪಾಯ ತಡೆಯುವ ಸ್ವಿಚ್ಚುಗಳ ವಿಷಯವನ್ನು ಏಜೆಂಟು ಕೇಳುವಂತೆಯೂ ಇಲ್ಲ. ಅಂಥದ್ದನ್ನು ಆರಿಸಿ ಜನರನ್ನು ಉಳಿಸುವುದಕ್ಕೆ ಒಬ್ಬನ ಒಪ್ಪಿಗೆ ಸಾಕು, ಹಾಕುವುದಕ್ಕೆ ಮಾತ್ರ ಇಬ್ಬರದು ಬೇಕು. ಇನ್ನು ನಾನು ಒಪ್ಪಿಗೆ ಕೊಡುವಾಗ ಏನನ್ನು, ಯಾಕೆ ಒಪ್ಪಿದೆ ಎಂದು ನನ್ನದೇ ಮಾತಿನಲ್ಲಿ ಬರೆಯಬೇಕು. ಬರೆದದ್ದು ಅರ್ಥವಾಗುವಂತಿದೆಯೇ ಎಂದು ಪರೀಕ್ಷಿಸುವುದು ಅದೇ ಏಜೆಂಟು. ಈಚೆಗೆ ಒಂದು ಸಲ, “ಉತ್ತರ ಸ್ವಲ್ಪ ಅವಸರದಲ್ಲಿ ಬರೆದಂತಿದೆ, ಇನ್ನೊಮ್ಮೆ ಪ್ರಯತ್ನಿಸುವಿರಾ?” ಎಂದು ವಾಪಸು ಕಳಿಸಿತು. ಏಜೆಂಟಿಗೆ ಎಂದು ನಾನು ಬರೆದ ಕಟ್ಟುಪಾಡುಗಳಲ್ಲಿ ಮುಕ್ಕಾಲು ಪಾಲು ಈಗ ನನಗೇ ಅನ್ವಯಿಸುತ್ತವೆ. ಮಾಡಿದ್ದುಣ್ಣೋ ಮಹರಾಯ.

ಮನೆಗೆ ಬಂದು ಇದನ್ನೆಲ್ಲ ಹೇಳಿಕೊಂಡು ಹಗುರಾಗೋಣವೆಂದರೆ, ಮಾವನವರು ಎಲ್ಲ ಕೇಳಿ ಮೆಲ್ಲಗೆ ಕೆಮ್ಮಿದರು. “ಅಳಿಯಂದ್ರೆ, ತಪ್ಪು ತಿಳೀಬೇಡಿ. ಅವತ್ತು ಗೀಸರ್ ಹಾಕೋಕೆ ಮುಂಚೆ ನಾನೂ ಕೇಳಿದ್ದೆ. ನೀವು ಸೋಫಾದಲ್ಲಿ ಕೂತು ಫೋನ್ ನೋಡ್ತಿದ್ರಿ. ‘ಗೀಸರ್ ಹಾಕ್ಲಾ, ಅಳಿಯಂದ್ರೆ?’ ಅಂದೆ. ನೀವು ‘ಹ್ಞೂಂ’ ಅಂದ್ರಿ.” ಇಷ್ಟು ದಿನ ಹೇಳಲೇ ಇಲ್ಲವಲ್ಲ ಎಂದೆ. “ಸುಟ್ಟುಕೊಂಡವರಿಗೆ ಅದನ್ನ ಬೇರೆ ಹೇಳ್ಬೇಕಾ ಅಂತ ಸುಮ್ಮನಾದೆ” ಎಂದರು. ನಿಧಿ ಪುಸ್ತಕದಿಂದ ತಲೆಯೆತ್ತದೆ, “ಅಪ್ಪ ಸೇಸ್ ಹ್ಞೂಂ ಟು ಎವ್ರಿಥಿಂಗ್. ಐ ಗಾಟ್ ಮೈ ಫೋನ್ ದಟ್ ವೇ” ಎಂದಳು. ಮರುದಿನ ನೋಡಿದರೆ ಗೀಸರಿನ ಸ್ವಿಚ್ಚಿನ ಮೇಲೆ ಸುಮಿತ್ರಳ ದುಂಡನೆಯ ಟೀಚರ್ ಅಕ್ಷರದಲ್ಲಿ ಒಂದು ಚೀಟಿ: ‘ಬೇಸಿಗೆ ಮುಗಿಯುವ ತನಕ ಆಫ್ ಇರಬೇಕು. ಸಂದೇಹವಿದ್ದರೆ ನನ್ನನ್ನು ಕೇಳಿ. ಇವರನ್ನು ಕೇಳಬೇಡಿ.’

ಮೊನ್ನೆ ಸಂಜೆ ಬಿಸಿಲಿಳಿದ ಮೇಲೆ ಕರೆಗಂಟೆಯಾಯಿತು. ರಫೀಕ್, ಕೈಯಲ್ಲಿ ನಮ್ಮ ತರಕಾರಿ ಚೀಲ. ಸುಮಿತ್ರ ಮಜ್ಜಿಗೆ ತರಲು ಒಳಗೆ ಹೋದಳು. ಅವನು ಬಂದರೆ ಈಗ ಅದು ವಾಡಿಕೆ. ನಾನು ಆ ಆಫೀಸಿನವನೆಂದು ಅವನಿಗೆ ಗೊತ್ತು. “ಸರ್, ಉಸ್ ದಿನ್ ದೋಪಹರ್ ಮೇ ಬೈಕ್ ಕಿಸ್ನೆ ಚಾಲೂ ಕಿಯಾ ಥಾ?” ಎಂದ, ಅವತ್ತು ಬೈಕು ಬಿಟ್ಟವರು ಯಾರು ಎಂಬ ಬರೀ ಕುತೂಹಲಕ್ಕೆ. ನಾಲಗೆಯ ತುದಿಯಲ್ಲಿ ಸತ್ಯ ಇತ್ತು. “ಕಂಪ್ಯೂಟರ್, ಭಾಯಿ” ಎಂದೆ. ಅವನು ಕನಿಕರದಿಂದ ತಲೆಯಾಡಿಸಿದ. “ಹಾಂ ಸರ್. ಕಂಪ್ಯೂಟರ್ ಕೋ ಗರ್ಮಿ ಕಾ ಕ್ಯಾ ಮಾಲೂಮ್? ವೋ ತೋ ಎಸಿ ಮೇ ಬೈಠಾ ಹೈ” ಎಂದು ಮಜ್ಜಿಗೆ ಕುಡಿದು, ಲೋಟ ಕೊಟ್ಟು, ಮೆಟ್ಟಿಲಿಳಿದು ಹೋದ.

ಸೆಕೆ ಗೊತ್ತಿಲ್ಲದೆ ಎಸಿಯಲ್ಲಿ ಕೂತದ್ದು ಕಂಪ್ಯೂಟರ್ ಒಂದೇ ಅಲ್ಲ ಎಂದು ಅವನಿಗೆ ಹೇಳಬೇಕಿತ್ತು. ಸುಮಿತ್ರ ಲೋಟ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ಬಾಗಿಲು ಹಾಕಿಕೊಂಡು ಬಂದು ಸೋಫಾದಲ್ಲಿ ಕೂತು, ತಲೆಯೆತ್ತದೆ ಫೋನು ನೋಡತೊಡಗಿದೆ. ಮಾವನವರು ರಿಮೋಟು ಹಿಡಿದು ನನ್ನ ಕಡೆ ಬಗ್ಗಿ, “ಅಳಿಯಂದ್ರೆ, ಎಸಿ ಸ್ವಲ್ಪ ಕಮ್ಮಿ ಮಾಡ್ಲಾ?” ಎಂದರು.

“ಹ್ಞೂಂ” ಎಂದೆ.

“ಅಪ್ಪಾ,” ಎಂದಳು ಸುಮಿತ್ರ, “ಅವರನ್ನ ಕೇಳ್ಬೇಡಿ.”